ತಮ್ಮ ವಿರುದ್ಧವೇ ತಕರಾರು ಬರೆದ ಅಕ್ಕೋರು

ಮೊನ್ನೆ ಪುಣೆಯ ಕೋಥರೂಡಿನ ಒಂದು ಹಾಲಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ಇತ್ತು. ಮೊದಲು ಮಾತಾಡಿದವರು, "ಬಾಯಿಯವರು ಅತ್ಯಂತ ಶಾಂತ ಸ್ವಭಾವದವರು" ಎಂದರು. ಎರಡನೆಯವರು ಮೃದುಭಾಷಿ ಎಂದರು. ಮೂರನೆಯವರು ಯಾರ ಮನಸ್ಸನ್ನೂ ನೋಯಿಸದ ಜೀವ ಎಂದರು. ನನಗೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು. ಯಾರ ಬಗ್ಗೆ ಮಾತಾಡುತ್ತಿದ್ದಾರೆ ಇವರು? ಹಾರ ಹಾಕಿದ ಫೋಟೋ ನೋಡಿದೆ. ಹೌದು, ನಮ್ಮ ಅಕ್ಕೋರೇ. ಫೋಟೋದಲ್ಲಿ ಕೂಡ ಬಾಯಿ ಅರ್ಧ ತೆರೆದಿದೆ. ಅವರು ಮಾತು ಮುಗಿಸುವ ತನಕ ಕಾಯುವ ತಾಳ್ಮೆ ಫೋಟೋಗ್ರಾಫರನಿಗೂ ಇರಲಿಲ್ಲ ಅಂತ ಕಾಣುತ್ತದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ, ಇಲ್ಲಿಯ ಮರಾಠಿಯವರು ಬಾಯಿ ಅನ್ನುತ್ತಾರೆ. ಇವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಒಂದೇ ದಿನ ಮೂವತ್ತು ಸಲ ಬರೆದಿದ್ದೇನೆ, ಅದೂ ತಪ್ಪು ಮಾಡಿದವರ ಖಾನೆಯಲ್ಲಿ. ಅದು ಸಾಕು. ಆ ಮೂವತ್ತು ಸಲದ ಕಥೆಯನ್ನು ಸಭೆಯಲ್ಲಿ ಹೇಳಬೇಕೆಂದಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಚಹಾ ಬಂತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕೋರು ಧಾರವಾಡದವರು. ಗಂಡನ ನೌಕರಿಯ ಕಾರಣಕ್ಕೆ ಪುಣೆಗೆ ಬಂದು ಇಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಗಿಡ್ಡ ಆಳು. ಕನ್ನಡಕಕ್ಕೆ ಕಪ್ಪು ದಾರ. ನಡೆದರೆ ಉಳಿದವರು ಓಡಬೇಕು. ಹೆಗಲ ಚೀಲದಲ್ಲಿ ಯಾವಾಗಲೂ ಹುರಿದ ಶೇಂಗಾ. ಸಿಟ್ಟು ಬಂದಾಗ ಎರಡು ಕಾಳು, ಖುಷಿಯಾದಾಗ ಒಂದು ಮುಷ್ಟಿ. ಮಾತಿಗೆ ಮೊದಲು "ಯಾಕ?" ಅನ್ನುವುದು ಅವರ ಚಟ. ಒಮ್ಮೆ ತರಕಾರಿ ಬುಟ್ಟಿ ಹೊತ್ತ ಇಬ್ಬರು ಹೆಂಗಸರನ್ನು ಕಂಡಕ್ಟರು ಖಾಲಿ ಬಸ್ಸಿಗೆ ಹತ್ತಿಸಿಕೊಳ್ಳಲಿಲ್ಲ. ಅಕ್ಕೋರು ಬಾಗಿಲ ಮೆಟ್ಟಿಲ ಮೇಲೆ ನಿಂತೇಬಿಟ್ಟರು. "ಕೋಣತಾ ನಿಯಮ? ದಾಖವಾ." ಯಾವ ನಿಯಮ, ತೋರಿಸಿ. ಕಂಡಕ್ಟರು ಪುಸ್ತಕ ತೆಗೆದ, ಹುಡುಕಿದ, ಮತ್ತೆ ಹುಡುಕಿದ. ಬಸ್ಸು ಕದಲಲಿಲ್ಲ. ಕೊನೆಗೆ ಬುಟ್ಟಿಗಳು ಹತ್ತಿದವು. ಇಳಿಯುವಾಗ ಅಕ್ಕೋರು ಅದೇ ಕಂಡಕ್ಟರನ ಕೈಗೆ ಒಂದು ಮುಷ್ಟಿ ಶೇಂಗಾ ಹಾಕಿದರು. ಶಾಂತ ಸ್ವಭಾವವಂತೆ!

ನನಗೆ ಅವರು ಸಿಕ್ಕಿದ್ದು ನನ್ನ ಇಪ್ಪತ್ತೆಂಟನೇ ವಯಸ್ಸಿನಲ್ಲಿ. ನಾನು ರಾಮದುರ್ಗದವನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಮನೆಯಲ್ಲಿ ನೂಲು ಸುತ್ತಿದೆ. ಆಮೇಲೆ ಪಿಂಪ್ರಿ-ಚಿಂಚವಾಡಕ್ಕೆ ಬಂದು ಒಂದು ಫೌಂಡ್ರಿಯಲ್ಲಿ ಕಾಂಟ್ರ್ಯಾಕ್ಟಿನ ಮೇಲೆ ಸೇರಿದೆ. ರೈಲು ಹಳಿಯ ಪಕ್ಕದ ಗಲ್ಲಿಯಲ್ಲಿ ಮನೆ. ಮೂವತ್ತೊಂದು ಮನೆಯ ಗಲ್ಲಿ, ಹೆಚ್ಚುಕಡಿಮೆ ಎಲ್ಲರೂ ನಮ್ಮ ಕಡೆಯವರೇ. ಅಕ್ಕೋರು ದಿನದ ಶಾಲೆ ಮುಗಿದ ಮೇಲೆ ಎರಡು ಬಸ್ಸು ಬದಲಿಸಿ ಬಂದು, ನಮ್ಮ ಸಮಾಜಮಂದಿರದಲ್ಲಿ ದೊಡ್ಡವರಿಗೆ ಸಂಜೆ ಐದರಿಂದ ಏಳರವರೆಗೆ ಓದು ಬರಹ ಕಲಿಸುತ್ತಿದ್ದರು. ಮೊದಲ ದಿನ ನಾನು ಮಕ್ಕಳ ಬೆಂಚಿನಲ್ಲಿ ಕೂತೆ. ಮೊಣಕಾಲು ಸಿಕ್ಕಿಕೊಂಡು ಏಳಲಾಗಲಿಲ್ಲ.

"ತಮ್ಮಾ, ಸಿಕ್ಕೊಂಡಿ ನೋಡು" ಎಂದರು ಅಕ್ಕೋರು. "ಈಗ ಹತ್ತನೇತ್ತೆ ಪಾಸಾಗೋತನಕಾ ಬಿಡೂದುಲ್ಲ."

ಅವರು ಕಲಿಸುವ ರೀತಿ ಬೇರೆ. ಕನ್ನಡ ಅಕ್ಷರ ಒಂದು ಕಡೆ, ಮರಾಠಿ ಅಕ್ಷರ ಇನ್ನೊಂದು ಕಡೆ, ನಡುವೆ ಅವತ್ತಿನ ಪೇಪರು. ಉಳಿದವರು ಮದುವೆ ಸುದ್ದಿ ಓದುವಷ್ಟು ಆಸೆಯಿಂದ ಅವರು ಬಜೆಟ್ಟಿನ ಸುದ್ದಿ ಓದುತ್ತಿದ್ದರು. "ಬರ್ರಿ ಬರ್ರಿ, ಇವತ್ತ ಯಾರ ಎಲಿಗಿ ಏನ ಬಿತ್ತು ನೋಡೂಣು!" ಸರಕಾರ ಅಂದರೆ ಅವರ ಲೆಕ್ಕದಲ್ಲಿ ಮದುವೆಯ ಪಂಕ್ತಿಯಲ್ಲಿ ಬಡಿಸುವವನು.

"ಹುಗ್ಗಿ ಎಷ್ಟು ಮಾಡ್ಯಾರ ಅನ್ನೂದು ಆಮ್ಯಾಲ. ಬಡಸಾಂವ ಯಾವ ತುದಿಯಿಂದ ಶುರು ಮಾಡಿದ, ಮೊದಲ ಅದನ್ನ ನೋಡ್ರಿ. ತುಪ್ಪದ ಗಿಂಡಿ ಯಾವಾಗಲೂ ಬೀಗರ ಕಡಿಂದ ಹೊಂಡತದ. ಕಡೀ ಎಲಿಗಿ ಬರೋದ್ರಾಗ ಖಾಲಿ. ತುಪ್ಪ ಕಡಿಮಿ ಬಿತ್ತು ಅಂತಾರ. ಕಡಿಮಿ ಬಿದ್ದಿಲ್ಲ. ತುದಿ ತಪ್ಪೇದ."

"ಕಡೀ ಎಲಿಯಿಂದ ಶುರು ಮಾಡಿದ್ರ ಬೀಗರು ಸಿಟ್ಟಾಗ್ತಾರಲ್ರೀ?" ಎಂದು ನಾನು ಕೇಳಿದೆ.

"ಆಗ್ತಾರ. ಆ ಸಿಟ್ಟಿಗೇ ರಾಜಕಾರಣ ಅಂತಾರ" ಎಂದು ಬಾಯಿಗೆ ಒಂದು ಮುಷ್ಟಿ ಶೇಂಗಾ ಹಾಕಿಕೊಂಡರು.

ಒಮ್ಮೆ ಬಾರಾಮತಿಗೆ ಮದುವೆಗೆ ಹೋಗಿ ಬಂದರು. ನಾವು ಊಟದ ಸುದ್ದಿ ಕೇಳಿದೆವು. ಅವರು ಕಾಲುವೆಯ ಸುದ್ದಿ ಹೇಳಿದರು. ಹಸಿರು ಕಬ್ಬು, ಗದ್ದೆಯ ತುಂಬ ನೀರು, ಅದೇ ಗದ್ದೆಯ ಬದುವಿನಲ್ಲಿ ಕಬ್ಬು ಕಡಿಯುವವರ ಗುಡಿಸಲು, ಅಲ್ಲಿಯ ಹೆಂಗಸು ಕೊಡ ಹೊತ್ತು ದೂರದಿಂದ ಬರುತ್ತಿದ್ದಾಳೆ. "ನೀರಿಗಿ ದಾರಿ ಗೊತ್ತಿರೂದುಲ್ಲ ತಮ್ಮಾ. ಯಾರೋ ದಾರಿ ಕಡದಿರ್ತಾರ" ಎಂದರು. ಮದುಮಗಳ ಸೀರೆಯ ಬಣ್ಣ ಅವರಿಗೆ ನೆನಪಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಮೂರು ಬಣ್ಣದ ರೇಷನ್ ಕಾರ್ಡು ಬಂತು. ಅಲ್ಲಿಯ ತನಕ ಎಲ್ಲರಿಗೂ ಒಂದೇ ಕಾರ್ಡು. ಈಗ ಬಡವರಿಗೆ ಹಳದಿ, ನಡುವಿನವರಿಗೆ ಕೇಸರಿ, ಉಳ್ಳವರಿಗೆ ಬಿಳಿ. ಹಳದಿ ಇದ್ದವನಿಗೆ ಗೋಧಿ, ಅಕ್ಕಿ ಅಗ್ಗ. ಕೇಸರಿಯವನು ರೇಷನ್ ಅಂಗಡಿಯಲ್ಲಿ ಕೊಳ್ಳುವುದೂ ಪೇಟೆಯಲ್ಲಿ ಕೊಳ್ಳುವುದೂ ಹತ್ತಿರಹತ್ತಿರ ಒಂದೇ. ಬಡವರಿಗೆ ಬೇರೆ ಬಣ್ಣ ಬಂತಲ್ಲ ಎಂದು ನಮಗೆ ಸಂಭ್ರಮ. ಅಕ್ಕೋರ ಮುಖ ಮಾತ್ರ ಗಂಟಿಕ್ಕಿತು.

"ಮೊದಲ ರೇಷನ್ ಅಂಗಡಿ ಮುಂದ ವಕೀಲರ ಹೇಣ್ತಿನೂ ನಿಂದರತಿದ್ಲು, ನೀವೂ ನಿಂದರತಿದ್ರಿ. ಹುಳಾ ಹತ್ತಿದ ಗೋಧಿ ಕೊಡಲಿಕ್ಕೆ ಅಂಗಡಿಯಾಂವ ಅಂಜತಿದ್ದ. ಈಗ ಆಕಿನ್ನ ಸಾಲಿನಿಂದ ತಗದ್ರು. ಉಳದವರು ನೀವಷ್ಟ. ಇನ್ನ ಅಂವ ಯಾರಿಗಂಜತಾನ?"

ಹಾಗೆ ಹೇಳಿದವರನ್ನೇ ಸರಕಾರ ಯಾರಿಗೆ ಯಾವ ಬಣ್ಣ ಎಂದು ನೋಡುವ ಸರ್ವೆಗೆ ಹಾಕಿತು. ರಜೆಯಲ್ಲಿ ಶಾಲೆಯವರಿಗೆ ಇಂಥ ಕೆಲಸ ಬರುವುದು ರೂಢಿ. ಮನೆಮನೆಗೆ ಹೋಗಿ ಫಾರ್ಮು ತುಂಬಬೇಕು. ಕನ್ನಡದವರ ಗಲ್ಲಿ ಎಂದು ನಮ್ಮದನ್ನು ಅವರಿಗೇ ಕೊಟ್ಟರು. ನಮಗೆ ಆನೆಬಲ ಬಂತು. ನಮ್ಮ ಅಕ್ಕೋರೇ ಬರೆಯುವವರು, ಹಳದಿ ಕಾರ್ಡು ಬಂದ ಹಾಗೆಯೇ!

ಇಲ್ಲಿ ನಾನು ಮಾಡಿದ ಕೆಲಸ ಹೇಳಬೇಕು. ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಗೇ ಬೀಗರು, ಕನ್ಯಾ ನೋಡುವವರು ಬರಲಿ, ಗಲ್ಲಿಯ ಒಳ್ಳೆಯ ಸಾಮಾನೆಲ್ಲ ಆ ಮನೆಗೆ ಹೋಗುತ್ತಿತ್ತು. ಎರಡು ಕುರ್ಚಿ ಒಬ್ಬರದು, ಚಹಾದ ಕಪ್ಪು-ಬಸಿ ಇನ್ನೊಬ್ಬರದು, ಟೇಬಲ್ ಫ್ಯಾನು ನನ್ನದು. ಬೋನಸ್ಸು ಬಂದ ವರ್ಷ ಜುನಾ ಬಜಾರಿನಲ್ಲಿ, ಹಳೆ ಸಾಮಾನಿನ ಸಂತೆಯಲ್ಲಿ, ತಂದದ್ದು. ಹಸಿರು ಬಣ್ಣ, ಜಾಳಿಗೆ ನೆಗ್ಗಿತ್ತು, ತಿರುಗಿದರೆ ಕಟಕಟ ಸದ್ದು. ಬಂದವರು "ನಿಮ್ಮದೇನು?" ಎಂದು ಕೇಳಿದರೆ "ಹೌದ್ರಿ, ನಮ್ಮದೇ" ಅನ್ನಬೇಕು. ಎರವಲು ಅಂದರೆ ಕೊಟ್ಟವನು ಎಣಿಸಿ ಕೊಟ್ಟ ಹಾಗೆ ಆಗುತ್ತದೆ, ಅದು ಅವನಿಗೆ ಅವಮಾನ. ಎಷ್ಟೋ ಮದುವೆ ಆ ಫ್ಯಾನಿನ ಗಾಳಿಯಲ್ಲಿ ಕುದುರಿವೆ.

ಮೇ ತಿಂಗಳು. ಅಕ್ಕೋರು ಬೆವರಿ ಒದ್ದೆಯಾಗಿ ಬಂದರು. ನನ್ನ ಜೀವ ಕೇಳಲಿಲ್ಲ. ಇವರು ಒಂದೊಂದು ಮನೆಯಲ್ಲೂ ಇಷ್ಟುದ್ದ ಫಾರ್ಮು ಬರೆಯಬೇಕು, ಗಾಳಿಯಿಲ್ಲದೆ ಹೇಗೆ? ನಾನೇ ಏರ್ಪಾಡು ಮಾಡಿದೆ. ಮನೆಗಳ ಹಿಂದೆ ರೈಲ್ವೆ ಗೋಡೆಗೆ ಅಂಟಿಕೊಂಡು ಒಂದು ಸಂದಿ ಇತ್ತು, ಎಲ್ಲ ಮನೆಗೂ ಅಲ್ಲಿ ಹಿಂಬಾಗಿಲು. ಅಕ್ಕೋರು ಒಂದು ಮನೆಯಿಂದ ಹೊರಗೆ ಬರುತ್ತಲೇ ನಾನು ಮುಂದೆ ನಿಂತು "ನೀರ ಕುಡೀರಿ" ಎಂದು ತಡೆಯುವುದು. ಅಷ್ಟರಲ್ಲಿ ಇಬ್ಬರು ಫ್ಯಾನು, ಕುರ್ಚಿ ಹೊತ್ತುಕೊಂಡು ಹಿಂದಿನಿಂದ ಮುಂದಿನ ಮನೆಗೆ. ಎರಡು ದಿನ, ಮೂವತ್ತೊಂದು ಮನೆ, ಒಮ್ಮೆಯೂ ತಪ್ಪಲಿಲ್ಲ. ಅಕ್ಕೋರು ಎಲ್ಲ ಮನೆಯಲ್ಲೂ ಗಾಳಿಯಲ್ಲಿ ಕೂತು, ತಲೆ ತಗ್ಗಿಸಿ, ಪ್ರಶ್ನೆ ಓದಿ ಉತ್ತರ ಬರೆದರು.

"ಈ ಫ್ಯಾನು ನಿಮ್ಮದೇ ಏನ್ರಿ?"

"ಹೌದ್ರಿ ಅಕ್ಕೋರ, ನಮ್ಮದೇ."

ಮೂವತ್ತೊಂದು ಸಲ ಇದೇ ಪ್ರಶ್ನೆ, ಇದೇ ಉತ್ತರ. ಅವರು ಮಾತಿಗೆ ಕೇಳುತ್ತಿದ್ದಾರೆ ಅಂದುಕೊಂಡೆವು. ಅದು ಫಾರ್ಮಿನಲ್ಲಿದ್ದ ಪ್ರಶ್ನೆ ಎಂದು, ಫ್ಯಾನಿದ್ದವನು ಬಡವನಲ್ಲ ಎಂದು ಆ ಕಾಗದ ಹೇಳುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಕಚ್ಚಾ ಯಾದಿ ಬಂದಾಗ ಹಳದಿಯಲ್ಲಿ ನಮ್ಮ ಗಲ್ಲಿಯ ಒಂದು ಹೆಸರೂ ಇಲ್ಲ. ಮೂವತ್ತೊಂದೂ ಮನೆ ಕೇಸರಿ! ವರ್ಕ್‌ಶಾಪಿನಲ್ಲಿ ಕಸ ಗುಡಿಸಿ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದ ಗಂಗವ್ವನೂ ಕೇಸರಿ. ಅದೇ ವಾರ ಫೌಂಡ್ರಿಯವರು ನನಗೆ ಬ್ರೇಕ್ ಕೊಟ್ಟಿದ್ದರು. ಕಾಂಟ್ರ್ಯಾಕ್ಟಿನವರನ್ನು ಆಗಾಗ ಕೆಲಸದಿಂದ ಬಿಡಿಸುವುದಕ್ಕೆ ಆ ಹೆಸರು. ಹೆಂಡತಿಗೆ ಏಳು ತಿಂಗಳು. ನನಗೂ ಕೇಸರಿ.

ಅಕ್ಕೋರು ಸಂಜೆ ಬಂದು ಯಾದಿ ನೋಡಿದರು. ಕೈಯಲ್ಲಿದ್ದ ಫಾರ್ಮಿನ ಪ್ರತಿಗಳನ್ನು ತಿರುವಿದರು. "ಎಲ್ಲಾ ಮನಿಯೊಳಗೂ ಫ್ಯಾನ ಅದ ಅಂತ ಬರದೇನಿ. ಕಣ್ಣಾರೆ ಕಂಡೇನಿ."

ಗಂಗವ್ವ ಹಣೆ ಬಡಿದುಕೊಂಡು ನಕ್ಕಳು. "ಎಲ್ಲೀ ಫ್ಯಾನ್ರೀ ಯವ್ವಾ! ಅದೊಂದ ಐತಿ. ಅದ ನಿಮ್ಮ ಹಿಂದಿಂದ ಮನಿ ಮನಿ ತಿರಗೇತಿ. ನಾಕ ಮಂದಿ ಬಂದಾಗ ಮರ್ಯಾದಿ ಇರಲಿ ಅಂತ ಮಾಡಿದ್ರ, ಆ ಮರ್ಯಾದಿನ ನಮ್ಮ ಗೋಧಿ ತಿಂತು ನೋಡ್ರಿ."

ಅಕ್ಕೋರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. "ಏರ್ಪಾಡು ನಂದರೀ ಅಕ್ಕೋರ. ನಿಮಗ ಸೆಕಿ ಆಗಬಾರದಂತ..."

ಅವರು ಎರಡು ಕಾಳು ಶೇಂಗಾ ಅಗಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಶುರು ಮಾಡಿದರು. "ಅಯ್ಯ ನನ ಬುದ್ಧಿಯ! ಎಲ್ಲಾ ಮನಿಯೊಳಗೂ ಅದೇ ಕಟಕಟ. ಯಾವುದೋ ಕಂಪನಿಯಾಂವ ಕಂತಿನ ಮ್ಯಾಲ ಗಲ್ಲಿ ತುಂಬ ಮಾರಿ ಹೋಗ್ಯಾನ ಅಂತ ತಿಳಕೊಂಡೆ!" ನಗು ನಿಂತಾಗ ಕಣ್ಣು ಕೆಂಪಾಗಿತ್ತು. "ಬರದದ್ದು ಬರೋಬರಿ ಅದ. ನೋಡಿದ್ದು ತಪ್ಪು. ಸರ್ವೆ ನಂದು, ತಪ್ಪೂ ನಂದ."

ತಕರಾರು ಕೊಡಲು ಹದಿನೈದು ದಿನ ಇತ್ತು. ಒಂದೊಂದು ಮನೆಗೂ ಬೇರೆ ಅರ್ಜಿ. ಅಕ್ಕೋರು ಒಂದು ಮಾದರಿ ಬರೆದು ನನ್ನ ಮುಂದೆ ಇಟ್ಟರು, ಮೂವತ್ತು ಪ್ರತಿ ಮಾಡು ಎಂದರು. ನನ್ನದು ಆಮೇಲೆ ನೋಡೋಣ, ಅದರಲ್ಲಿ ಫ್ಯಾನು ನಿಜ ಎಂದರು. ನಾನು ದೇವನಾಗರಿಯಲ್ಲಿ ಒಂದೊಂದೇ ಅಕ್ಷರಕ್ಕೆ ತಲೆಗೆರೆ ಎಳೆಯುತ್ತಾ ಬರೆದೆ. ಒಂದು ಖಾನೆಗೆ ಬಂದು ಕೈ ನಿಂತಿತು. ತಪ್ಪು ಮಾಡಿದ ನೌಕರರ ಹೆಸರು. ಮಾದರಿಯಲ್ಲಿ ಅಕ್ಕೋರು ತಮ್ಮ ಹೆಸರು ಬರೆದಿದ್ದರು.

"ಅಕ್ಕೋರ, ಇದನ್ನ ಖಾಲಿ ಬಿಡೂನ್ರಿ."

"ಯಾಕ?"

"ನಿಮಗ ಮೆಮೊ ಬರತದರಿ."

"ಖಾನಿ ಖಾಲಿ ಬಿಟ್ಟ ಅರ್ಜಿ ವಾಪಸ್ಸ ಬರತದ. ಬರಿ. ಅಕ್ಷರ ದುಂಡಗಿರಲಿ, ನನ್ನ ಹೆಸರು ಸೊಟ್ಟ ಕಾಣಬಾರದು."

ಇಡೀ ರವಿವಾರ ಹಿಡಿಯಿತು. ನಾನು ಬದುಕಿನಲ್ಲಿ ಅಷ್ಟು ಬರೆದದ್ದು ಅದೇ ಮೊದಲು.

ರೇಷನ್ ಆಫೀಸಿನ ಸಾಹೇಬರು ಅರ್ಜಿಗಳ ಕಟ್ಟು ತಿರುವಿ ತಿರುವಿ ನೋಡಿದರು. "ಬಾಯಿ, ತುಮ್ಹೀಚ ತುಮಚ್ಯಾ ವಿರುದ್ಧ?" ನಿಮ್ಮ ವಿರುದ್ಧ ನೀವೇ? ಅಂಥ ಅರ್ಜಿ ಅವರ ಟೇಬಲ್ಲಿಗೆ ಹಿಂದೆ ಬಂದಿರಲಿಕ್ಕಿಲ್ಲ. ಅಕ್ಕೋರು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಎರಡು ದಿನ, ಮೂವತ್ತೊಂದು ಮನೆ, ಕಣ್ಣ ಮುಂದೆ ಒಂದೇ ಫ್ಯಾನು ಓಡಾಡಿತು, ಓದಿದ ಹೆಂಗಸಿಗೆ ಗೊತ್ತಾಗಲಿಲ್ಲ ಅಂದರೆ ಯಾರು ನಂಬುತ್ತಾರೆ? ಈಗ ಫ್ಯಾನು ಬಚ್ಚಿಟ್ಟು ಕತೆ ಕಟ್ಟಿದ್ದೀರಿ ಎಂದರು.

"ಹಂಗಾದ್ರ ಬಂದು ನೋಡ್ರಿ. ನನಗ ಮಾಡಿದಂಗ ನಿಮಗೂ ಮಾಡಿ ತೋರಸ್ತಾರ" ಎಂದು ಅಕ್ಕೋರು ಮರಾಠಿಯಲ್ಲಿ ಸವಾಲು ಹಾಕಿದರು. ಸಾಹೇಬರು ಒಪ್ಪಿಬಿಟ್ಟರು!

ಸಾಹೇಬರು ಬರುವ ಹಿಂದಿನ ದಿನ ಅಕ್ಕೋರು ಗಲ್ಲಿಗೆ ಬಂದು ನೋಡಿದರೆ ಮನೆಗಳಲ್ಲಿ ಚರಿಗೆ, ತಂಬಿಗೆ ಕೂಡ ಇಲ್ಲ. ಗಂಗವ್ವ ಇದ್ದ ಎರಡು ಪಾತ್ರೆಯನ್ನೂ ತಂಗಿಯ ಮನೆಗೆ ಸಾಗಿಸಿದ್ದಳು. ಎದುರುಮನೆಯವಳು ಹರಿದ ಸೀರೆ ಹುಡುಕಿ ಉಟ್ಟಿದ್ದಳು. ಅಕ್ಕೋರ ಕೂಗು ರೈಲು ಹಳಿಯ ಆಚೆಗೂ ಕೇಳಿಸಿರಬೇಕು.

"ಅಂದ ಇಲ್ಲದ್ದು ತೋರಿಸಿದ್ರಿ, ಇಂದ ಇದ್ದದ್ದು ಮುಚ್ಚತೀರಿ! ಒಂದ ದಿನಾನರ ಇದ್ದಂಗ ಇರ್ರೆವ್ವಾ!"

"ಇದ್ದಂಗ ಇರಾಕ ನಮಗ ನಾಚಿಕಿ ಆಕ್ಕೇತ್ರಿ" ಎಂದಳು ಗಂಗವ್ವ.

ಅಕ್ಕೋರು ದನಿ ಇಳಿಸಿದರು. "ನಾಚಿಕಿ ಕೇಳಾವ್ರಿಗಿ ಆಗ್ಲಿ. ಹೋಗು, ನಿನ್ನ ಗಡಿಗಿ ತೊಗೊಂಡ ಬಾ."

ಶನಿವಾರ ಸಾಹೇಬರ ಜೀಪು ಬಂತು. ಮೊದಲು ಗಂಗವ್ವನ ಮನೆ. ಸಾಹೇಬರು ಕುರ್ಚಿಯಲ್ಲಿ ಕೂತರು. ಫ್ಯಾನು ಕಟಕಟ ಎಂದು ತಿರುಗಿತು. ಅವರು ಅದನ್ನೇ ದಿಟ್ಟಿಸಿ ನೋಡಿ, ಎದ್ದು ಹೊರಗೆ ಬಂದರು. ಅಕ್ಕೋರು ಬಾಗಿಲಲ್ಲಿ ಲೋಟ ಹಿಡಿದು ತಡೆದರು. "ಪಾಣೀ ಘ್ಯಾ ಸಾಹೇಬ." ನೀರು ಕುಡಿಯಿರಿ. ಹಿಂದಿನ ಸಂದಿಯಲ್ಲಿ ನಾನು ಫ್ಯಾನು ಎದೆಗೊತ್ತಿಕೊಂಡು ಓಡಿದೆ. ಹಿಂದೆ ಇಬ್ಬರು ಕುರ್ಚಿ ಹೊತ್ತಿದ್ದರು. ಸಾಹೇಬರು ಎರಡನೇ ಮನೆಗೆ ಕಾಲಿಟ್ಟರೆ ಅದೇ ಕುರ್ಚಿ, ಅದೇ ಕಟಕಟ. ಅವರ ಹುಬ್ಬು ಏರಿತು. ಮೂರನೇ ಮನೆಯಲ್ಲಿ ಕೈಯಿಂದ ಫ್ಯಾನಿನ ಬೆನ್ನು ಮುಟ್ಟಿ ನೋಡಿದರು. ಬಿಸಿ ಇತ್ತು. ಈಗ ಹಾಕಿದ ಫ್ಯಾನು ಅಷ್ಟು ಬಿಸಿ ಹೇಗಾದೀತು? ತುಟಿಯ ಮೇಲೆ ನಗು ಬಂತು, ಆದರೂ ತಡೆದರು. "ಹಾ ದುಸರಾ ಅಸೇಲ" ಎಂದರು. ಇದು ಬೇರೆಯದೇ ಇರಬೇಕು.

"ಹಂಗಾದ್ರ ನಾಲ್ಕನೇ ಮನಿ ಬಿಡ್ರಿ. ಐದನೇದಕ್ಕ ಹೋಗ್ರಿ" ಎಂದು ಅಕ್ಕೋರು ಅವರಿಗೆ ಮರಾಠಿಯಲ್ಲಿ ಕಿವಿಯಲ್ಲಿ ಹೇಳಿ, ಜೋರಾಗಿ ಕೂಗಿದರು, "ಪಳಾ ಸಾಹೇಬ, ಪಳಾ!"

ಓಡಿ ಸಾಹೇಬ, ಓಡಿ! ಆ ಭಾರೀ ದೇಹದ ಸಾಹೇಬರು ನಿಜಕ್ಕೂ ಓಡಿದರು! ಹಿಂದೆ ಪ್ಯೂನು, ಅವನ ಹಿಂದೆ ಅಕ್ಕೋರು, ಅವರ ಹಿಂದೆ ಇಡೀ ಗಲ್ಲಿ. ನನಗೆ ಅವರ ಯುಕ್ತಿ ಗೊತ್ತಿರಲಿಲ್ಲ. ನಾನು ನಾಲ್ಕನೇ ಮನೆಯಲ್ಲಿ ಫ್ಯಾನು ಹಚ್ಚಿ ಕಾಯುತ್ತಾ ನಿಂತಿದ್ದೆ. ಸಾಹೇಬರು ಐದನೆಯ ಬಾಗಿಲು ನೂಕಿದರೆ ಅಲ್ಲಿ ಒಂದು ಚಾಪೆ, ಒಲೆ, ಒಂದು ಬಲ್ಬು. ಕುರ್ಚಿಯೂ ಇಲ್ಲ, ಫ್ಯಾನೂ ಇಲ್ಲ. ಆರನೆಯದನ್ನು ನೂಕಿದರು. ಏಳನೆಯದು. ಎಲ್ಲೂ ಇಲ್ಲ. ಹನ್ನೊಂದನೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ಗೋಡೆಗೆ ಒರಗಿ ನಕ್ಕರು ನೋಡಿ, ಗಲ್ಲಿಗೆ ಗಲ್ಲಿಯೇ ನಕ್ಕಿತು. ಅಕ್ಕೋರು ಚಪ್ಪಾಳೆ ತಟ್ಟುತ್ತಿದ್ದರು, ಐದನೇ ವರ್ಗದ ಹುಡುಗಿಯ ಹಾಗೆ.

ನಾನು ಫ್ಯಾನು ಹಿಡಿದುಕೊಂಡು ಮುಂದೆ ಬಂದೆ. ಸಾಹೇಬರು ಬೆವರು ಒರೆಸಿಕೊಂಡು ಪೆನ್ನು ತೆಗೆದರು. ಮೂವತ್ತು ಮನೆಯ ಫ್ಯಾನು ಹೊಡೆದುಹಾಕುತ್ತೇನೆ, ಆದರೆ ಈ ಒಂದು ಯಾರದು ಎಂದು ಬರೆಯಬೇಕು ಎಂದರು. "ಕೋಣಾಚಾ ಹಾ?"

ನಗು ನಿಂತಿತು.

"ಎಲ್ಲಾರದೂ ರೀ" ಎಂದಳು ಗಂಗವ್ವ. ಅಕ್ಕೋರು ಅದನ್ನು ಮರಾಠಿಗೆ ತಂದರು. ಎಲ್ಲರದು ಅನ್ನುವ ಖಾನೆ ನನ್ನ ಹತ್ತಿರ ಇಲ್ಲ, ಮಾಲೀಕ ಸಿಗದಿದ್ದರೆ ಇಡೀ ಗಲ್ಲಿಯ ಕಡತ ತಡೆಹಿಡಿಯಬೇಕಾಗುತ್ತದೆ ಎಂದರು ಸಾಹೇಬರು. ಗಂಗವ್ವ ನನ್ನ ತೋಳು ಚಿವುಟಿದಳು. "ಊರಾಗಿನ ನಿನ್ನ ಅಣ್ಣಂದು ಅನ್ನೋ. ಇಟ್ಟ ಹೋಗ್ಯಾನ ಅನ್ನು."

ಅನ್ನಬಹುದಿತ್ತು. ಹೆಂಡತಿ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕೆಲಸವಿಲ್ಲದೆ ನಾಲ್ಕನೇ ವಾರ. ಅಕ್ಕೋರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು, ಬೇಕಂತಲೇ ನನ್ನ ಕಡೆ ನೋಡಲಿಲ್ಲ. ಹೇಳು ಅಂತಲೂ ಇಲ್ಲ, ಹೇಳಬೇಡ ಅಂತಲೂ ಇಲ್ಲ. ನನ್ನ ಉತ್ತರವನ್ನು ನನಗೇ ಬಿಟ್ಟರು. ತಮ್ಮ ಹೆಸರು ಮೂವತ್ತು ಸಲ ಬರೆಸಿದವರ ಮುಂದೆ ನನ್ನ ಹೆಸರು ಒಂದು ಸಲ ಬರೆಸಲಿಕ್ಕೆ ಏನು ಧಾಡಿ?

"ಮಾಝಾ, ಸಾಹೇಬ" ಎಂದೆ. ನನ್ನದು.

ಆಗ ಶುರುವಾಯಿತು ಅಕ್ಕೋರ ಜಗಳ. ಈತನಿಗೆ ಕೆಲಸ ಹೋಗಿದೆ, ಹೆಂಡತಿ ಬಸುರಿ, ಇದನ್ನು ಎಲ್ಲಿ ಬರೆಯುತ್ತೀರಿ? ಫ್ಯಾನಿಗೆ ಖಾನೆ ಇದೆ, ಬ್ರೇಕಿಗೆ ಯಾಕೆ ಇಲ್ಲ? ಸಾಹೇಬರು ಒಳ್ಳೆಯವರು, ಆದರೂ ಕೈ ಆಡಿಸಿದರು. "ಬಾಯಿ, ಬಡತನದ ಗೆರೆ ನಾನು ಎಳೆದದ್ದಲ್ಲ." "ಯಾರು ಎಳದಾರ? ವಿಳಾಸ ಕೊಡ್ರಿ!" ಜೀಪು ಹೊರಟ ಮೇಲೂ ಅಕ್ಕೋರು ಅದರ ಜೊತೆ ನಾಲ್ಕು ಹೆಜ್ಜೆ ಓಡಿದರು.

ಅವರಿಗೆ ಮೆಮೊ ಬಂದೇ ಬಂತು. ಕರ್ತವ್ಯದಲ್ಲಿ ನಿಷ್ಕಾಳಜಿ ಅಂತ. ಅದನ್ನು ತಂದು ನಮ್ಮ ಸಂಜೆಯ ವರ್ಗದಲ್ಲಿ ಗಟ್ಟಿಯಾಗಿ ಓದಿ, ಶುದ್ಧಲೇಖನ ಬರೆಸಿದರು. "ಅಸ್ಸಲ ಸರಕಾರಿ ಮರಾಠಿ ಅದ. ಛಲೋ ರೂಢಿ ಆಗ್ತದ, ಬರ್ಕೋರಿ." 'ನಿಷ್ಕಾಳಜಿ' ಬರೆಯುವಾಗ ನಾನು ಎರಡು ಸಲ ತಪ್ಪಿದೆ. ಹತ್ತು ಸಲ ಬರೆಸಿದರು.

ಪಕ್ಕಾ ಯಾದಿಯನ್ನು ಆಫೀಸಿನ ಗೋಡೆಗೆ ಅಂಟಿಸಿದ ದಿನ ಇಡೀ ಗಲ್ಲಿ ಹೋಯಿತು. ಮರಾಠಿ ಓದಲು ಬರುತ್ತಿದ್ದದ್ದು ನಮ್ಮಲ್ಲಿ ನನಗೊಬ್ಬನಿಗೆ. ಅಕ್ಕೋರು ಓದಬಹುದಿತ್ತು, ಓದಲಿಲ್ಲ. ನನ್ನನ್ನು ಮುಂದೆ ನೂಕಿದರು. ಹಳದಿ ಯಾದಿಯಲ್ಲಿ ಒಂದೊಂದೇ ಹೆಸರು ಕೂಗಿದೆ. ಒಂದೊಂದು ಹೆಸರಿಗೂ ಹಿಂದಿನಿಂದ "ಹೋ!" ಅನ್ನುವ ಸದ್ದು. ಗಂಗವ್ವನ ಹೆಸರು ಬಂದಾಗ ಆಕೆ, "ಇನ್ನೊಮ್ಮೆ ಓದೋ, ಸರಿ ಕೇಳಲಿಲ್ಲ" ಎಂದಳು. ಮೂರು ಸಲ ಓದಿಸಿದಳು. ಮೂವತ್ತು ಹೆಸರು ಮುಗಿದವು. ಪಕ್ಕದ ಕೇಸರಿ ಯಾದಿಯಲ್ಲಿ ನಮ್ಮ ಗಲ್ಲಿಯದು ಒಂದೇ ಹೆಸರು. ನಾನು ತಿರುಗಿ ಮೆಟ್ಟಿಲು ಇಳಿಯಲು ಹೋದೆ.

"ಎಲ್ಲಿಗಿ? ನಿಂದೂ ಓದು" ಎಂದರು ಅಕ್ಕೋರು. "ಅಷ್ಟ ದನಿ ತಗದು ಓದು."

ಓದಿದೆ. ಈ ಸಲ ಯಾರೂ 'ಹೋ' ಅನ್ನಲಿಲ್ಲ. ಅಕ್ಕೋರು ನನ್ನ ತೋಳು ಹಿಡಿದು ಆಫೀಸಿನ ಮೆಟ್ಟಿಲ ಮೇಲೆ ಕೂರಿಸಿದರು. ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದರು. ಚೀಲವನ್ನೇ ನನ್ನ ತೊಡೆಯ ಮೇಲೆ ಇಟ್ಟು ಟೇಬಲ್ಲು ಮಾಡಿದರು.

"ಬರಿ. ಮುಂಬೈ ಮಂತ್ರಾಲಯಕ್ಕ, ಮಂತ್ರಿಗಳ ಕಚೇರಿಗೆ."

"ನಾ ಬರದ್ರ ಓದ್ತಾರೇನ್ರಿ?"

"ಓದಲಿಕ್ಕಿಲ್ಲ. ಆದ್ರ ಬಂದ ಕಾಗದಕ್ಕ ಆವಕ ನಂಬರ ಬೀಳ್ತದ. ನಂಬರ ಬಿದ್ದ ಕಾಗದಾ ಯಾರರ ಒಬ್ಬರ ಟೇಬಲ್ ಮ್ಯಾಲ ಕೂಡಬೇಕಾಗ್ತದ, ಬ್ಯಾಡಂದ್ರೂ."

ನಾನು ಹಳೆಯ ಮಾದರಿಯ ಹಾಗೆ ಅರ್ಜದಾರ, ವಿಷಯ, ಸಂದರ್ಭ ಎಂದು ಶುರು ಮಾಡಿದೆ. ಅವರು ಆ ಹಾಳೆಯನ್ನು ಕಸಿದು ಇನ್ನೊಂದು ಕೊಟ್ಟರು. "ಅದು ನನ್ನ ಮಾದರಿ. ನಿನ್ನ ಮನಿ ಹೆಂಗದ ಅನ್ನೂದು ನನಗೇನ ಗೊತ್ತು? ನಾ ಎರಡ ದಿನ ಬಂದು ತಪ್ಪ ನೋಡಿದಾಕಿ. ನೀ ಹೇಳು."

ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತೆ. ಆಮೇಲೆ ಮರಾಠಿಯಲ್ಲಿ ಒಂದು ಸಾಲು ಬರೆದೆ. ನನ್ನ ಮನೆಯಲ್ಲಿ ಗಾಳಿ ಇದೆ, ಗೋಧಿ ಇಲ್ಲ.

ಅಕ್ಕೋರು ಓದಿದರು. ಇನ್ನೊಮ್ಮೆ ಓದಿದರು. ದಡಕ್ಕನೆ ಎದ್ದು ನಿಂತು, ಹಾಳೆಯನ್ನು ಎತ್ತಿ ಹಿಡಿದು, ಆಫೀಸಿನ ಮುಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಕೂಗಿ ಓದಿದರು. ಪಾಳಿಯಲ್ಲಿ ಗುಜುಗುಜು ಎದ್ದಿತು. ಒಬ್ಬ ಮುದುಕ ಹೌದೆಂದು ತಲೆ ಆಡಿಸಿದ. ಯಾರೋ ಒಬ್ಬ ಹೆಂಗಸು, ನಮ್ಮ ಗಲ್ಲಿಯವಳಲ್ಲ, ಕನ್ನಡದವಳೂ ಅಲ್ಲ, ಸಾಲು ಬಿಟ್ಟು ಬಂದು ನನ್ನ ಮುಂದಿನ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಹೊಸ ಕೇಸರಿ ಕಾರ್ಡು.

"ಭಾವೂ, ಮಾಝಂ ಪಣ ಲಿಹಾ" ಎಂದಳು. ಅಣ್ಣಾ, ನನ್ನದೂ ಬರೆದುಕೊಡಿ.

ನಾನು ಅಕ್ಕೋರ ಕಡೆ ನೋಡಿದೆ. ಅವರು ಆಗಲೇ ಇನ್ನೊಂದು ಹಾಳೆ ಚಾಚಿ ಹಿಡಿದಿದ್ದರು. ನಾನು ಹಾಳೆ ತೆಗೆದುಕೊಂಡು ಆ ಹೆಂಗಸನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಏನಿದೆ, ಏನಿಲ್ಲ, ಎರಡನ್ನೂ ಹೇಳಿ.